ಘಟ್ಟ ಹತ್ತುತ್ತದೆ, ಅರ್ಥಿಂಗ್ ಇದೆಯಾ?

ಕೊಡಗಿನಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ಬಂತೆಂದರೆ ಮೊದಲು ಬರುವ ಪ್ರಶ್ನೆ ಒಂದೇ: "ಸಂಪಾಜೆ ಘಟ್ಟ ಹತ್ತುತ್ತಾ ಅದು?" ಮದುವೆ ಮಂಟಪದ ಹಿಂದಿನ ಪಾರ್ಕಿಂಗಿನಲ್ಲೂ ಇದೇ ಪ್ರಶ್ನೆ, ಕಾಫಿ ತೂಕ ಹಾಕುವ ಕಡೆಯೂ ಇದೇ. ಕೇಳುವವರನ್ನು ದೂರುವ ಹಾಗಿಲ್ಲ. ಜೀಪು, ಪಿಕಪ್ಪುಗಳ ನಡುವೆ ಬೆಳೆದವರಿಗೆ ಗಾಡಿಯ ಯೋಗ್ಯತೆ ಎಂದರೆ ಏರಿನಲ್ಲಿ ಅದು ಏನು ಮಾಡುತ್ತದೆ ಅನ್ನುವುದೇ. ಆದರೆ ಈ ಪ್ರಶ್ನೆಗೆ ಉತ್ತರ ಅರ್ಧ ಸಾಲಿನದು: ಹತ್ತುತ್ತದೆ, ಅದೇ ಬೆಲೆಯ ಪೆಟ್ರೋಲ್ ಕಾರಿಗಿಂತ ಆರಾಮಾಗಿ. ಮೋಟಾರಿನ ಪೂರ್ತಿ ಎಳೆತ ಚಕ್ರ ತಿರುಗಲು ಶುರುವಾದ ಕ್ಷಣದಿಂದಲೇ ಸಿಗುವುದರಿಂದ ಹೇರ್‌ಪಿನ್ ತಿರುವಿನಲ್ಲಿ ಗೇರು ಇಳಿಸುವ, ಕ್ಲಚ್ ಸುಡುವ ತಾಪತ್ರಯವೇ ಇಲ್ಲ.

ಯಾರೂ ಕೇಳದ ಪ್ರಶ್ನೆಗಳು ಬೇರೆ ಇವೆ. ಅದೇ ಘಟ್ಟ ಇಳಿಯುವಾಗ ಏನಾಗುತ್ತದೆ? ಶೆಡ್ಡಿನ ಪ್ಲಗ್ ಪಾಯಿಂಟಿನ ಮೂರನೇ ತೂತಿನ ಹಿಂದೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ನಿಜವಾಗಿ ಇದೆಯಾ? ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ? ರಾತ್ರಿ ಒಂದು ಗಂಟೆಗೆ ಯಾರನ್ನಾದರೂ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ? ಅಗ್ಗದ ಎಲೆಕ್ಟ್ರಿಕ್ ಕಾರು ನಮಗೆ ಅಗ್ಗವೋ ದುಬಾರಿಯೋ ಎಂದು ತೀರ್ಮಾನವಾಗುವುದು ಇಲ್ಲಿ. ಶೋರೂಮಿನ ಬೋರ್ಡಿನಲ್ಲಿರುವುದು ಅರ್ಧ ಬೆಲೆ, ಉಳಿದರ್ಧ ನಮ್ಮ ಮನೆಯ ಗೋಡೆಯಲ್ಲಿದೆ.

ಏರು, ಇಳಿಜಾರು

ಸಂಪಾಜೆ ಘಟ್ಟದ ದಾರಿಯಲ್ಲಿ ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿ.ಮೀ. ಅಷ್ಟರಲ್ಲಿ ಹತ್ತಿರ ಹತ್ತಿರ 1,000 ಮೀಟರ್ ಏರುತ್ತೇವೆ. ಚಿಕ್ಕ ಎಲೆಕ್ಟ್ರಿಕ್ ಕಾರು, ನಾಲ್ಕು ಜನ, ಸಾಮಾನು ಎಲ್ಲ ಸೇರಿ 1,450 ಕಿಲೋ ಎಂದುಕೊಳ್ಳಿ. ಅಷ್ಟು ತೂಕವನ್ನು 1,000 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ 4 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್). ಮೋಟಾರು, ಗೇರಿನ ನಷ್ಟ ಸೇರಿಸಿದರೆ ನಾಲ್ಕೂವರೆ. ಸಮತಟ್ಟು ರಸ್ತೆಯಲ್ಲಿ ಅದೇ 50 ಕಿ.ಮೀ.ಗೆ ಆರೂವರೆ, ಏಳು ಯೂನಿಟ್ ಬೇಕಿತ್ತು. ಎರಡೂ ಕೂಡಿದರೆ 11 ಯೂನಿಟ್. 24 ಯೂನಿಟ್ಟಿನ ಬ್ಯಾಟರಿ ಇರುವ ಟಾಟಾ ಟಿಯಾಗೊ ಇವಿಯಲ್ಲಿ ಇದು ಹೆಚ್ಚುಕಡಿಮೆ ಅರ್ಧ ಬ್ಯಾಟರಿ. ಹಾಗಾಗಿ ಮಂಗಳೂರಿನಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು "135 ಕಿ.ಮೀ. ತಾನೇ" ಎಂದು ಹೊರಟವರು ಸಂಪಾಜೆ ಗೇಟು ದಾಟುವಾಗ ಬೆವರುತ್ತಾರೆ. ಸುಳ್ಯದವರೆಗಿನ ರಸ್ತೆಗೇ ಹನ್ನೊಂದು ಹನ್ನೆರಡು ಯೂನಿಟ್ ಹೋಗಿರುತ್ತದೆ, ಉಳಿದದ್ದು ಘಟ್ಟಕ್ಕೆ ಸರಿಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಪುತ್ತೂರಿನಲ್ಲೋ ಸುಳ್ಯದಲ್ಲೋ ಅರ್ಧ ಗಂಟೆ ಚಾರ್ಜಿಗೆ ನಿಂತು ಬರುವುದೇ ಸರಿ. ಮೈಸೂರು ಕಡೆಯಿಂದ ಬರುವವರಿಗೆ ಈ ಪೇಚಾಟ ಇಲ್ಲ. ಕುಶಾಲನಗರದಿಂದ ಮಡಿಕೇರಿಗೆ ಏರು ಮುನ್ನೂರು ಮೀಟರ್ ಚಿಲ್ಲರೆ, ಒಂದೂವರೆ ಯೂನಿಟ್ಟಿನ ಬಾಬತ್ತು.

ಇಳಿಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ ವಾಪಸು ಕಳಿಸುತ್ತದೆ, ಇದಕ್ಕೇ ರೀಜನ್ ಎನ್ನುವುದು. ಏರಿನಲ್ಲಿ ಕೊಟ್ಟ ನಾಲ್ಕೂವರೆಯಲ್ಲಿ 3 ಯೂನಿಟ್ ಹೀಗೆ ಉಳಿಯುತ್ತದೆ. ಹೋಗಿ ಬಂದ ಮೇಲೆ ನೋಡಿದರೆ ಘಟ್ಟ ನಿಜವಾಗಿ ತಿಂದದ್ದು ಒಂದೂವರೆ ಯೂನಿಟ್, ಹತ್ತು ರೂಪಾಯಿ. ಆದರೆ ಇದಕ್ಕೊಂದು ಷರತ್ತಿದೆ, ಮಾರುವವರು ಇದನ್ನು ಹೇಳುವುದೇ ಇಲ್ಲ. ಬ್ಯಾಟರಿ ಪೂರ್ತಿ ತುಂಬಿದ್ದರೆ ವಾಪಸು ಬರುವ ವಿದ್ಯುತ್ತಿಗೆ ಜಾಗವಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಮಡಿಕೇರಿಯಿಂದ ಸುಳ್ಯಕ್ಕೆ ಇಳಿದರೆ ಮೊದಲ ಕೆಲವು ಕಿಲೋಮೀಟರ್ ರೀಜನ್ ಕೆಲಸವೇ ಮಾಡುವುದಿಲ್ಲ, ಅಥವಾ ಅರೆಬರೆ ಮಾಡುತ್ತದೆ. ದಿನವೂ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ಹಿಡಿದುಕೊಳ್ಳುವುದಕ್ಕೆ ಒಗ್ಗಿಹೋದ ಕಾಲು ಆವತ್ತು ತಿರುವಿನಲ್ಲಿ ಮೋಸಹೋಗುತ್ತದೆ. ಗೇರು ಇಳಿಸಿ ಇಂಜಿನ್ ಬ್ರೇಕಿಂಗ್ ಮಾಡೋಣ ಎಂದರೆ ಬದಲಿಸುವ ಗೇರೂ ಇಲ್ಲ, ಇಂಜಿನ್ನೂ ಇಲ್ಲ. ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ಹಾಗಾಗಿ ಇಳಿಯುವ ದಿನ 90ಕ್ಕೆ ಚಾರ್ಜ್ ನಿಲ್ಲಿಸಿ, ರೀಜನ್ ಅನ್ನು ಮೇಲಿನ ಹಂತಕ್ಕೆ ಇಟ್ಟುಕೊಂಡು ಇಳಿಯಬೇಕು. ಇನ್ನೊಂದು ಮಾತು: ಬ್ರೇಕ್ ಬಳಕೆಯೇ ಕಡಿಮೆಯಾದ್ದರಿಂದ ನಮ್ಮ ಮಳೆಗಾಲದ ತೇವಕ್ಕೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ರೀಜನ್ ಸೊನ್ನೆಗಿಟ್ಟು ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಅದು ಉಜ್ಜಿಹೋಗುತ್ತದೆ.

ಬೋರ್ಡಿನ ಮೇಲಿನ ಬೆಲೆ

2022ರ ಸೆಪ್ಟೆಂಬರಿನಲ್ಲಿ ಟಿಯಾಗೊ ಇವಿ 8.49 ಲಕ್ಷಕ್ಕೆ ಬಂದಾಗ ಅಗ್ಗದ ಎಲೆಕ್ಟ್ರಿಕ್ ಕಾರು ಎಂಬ ಮಾತಿಗೆ ಒಂದು ಅರ್ಥ ಬಂತು. ಮುಂದಿನ ವರ್ಷ ಎಂಜಿ ಕಾಮೆಟ್ 7.98 ಲಕ್ಷಕ್ಕೆ ಬಂತು. 2024ರ ಜನವರಿಯಲ್ಲಿ ಟಾಟಾದ ಪಂಚ್ ಇವಿ 10.99 ಲಕ್ಷಕ್ಕೆ. ಅದೇ ವರ್ಷ ಮೂರರ ಬೆಲೆಯೂ ಇಳಿಯಿತು: ಟಿಯಾಗೊ 7.99, ಕಾಮೆಟ್ 6.99, ಪಂಚ್ 9.99. ಇವೆಲ್ಲ ಎಕ್ಸ್‌ ಶೋರೂಂ, ಅದೂ ಚಿಕ್ಕ ಬ್ಯಾಟರಿಯ, ಅತಿ ಕೆಳಗಿನ ಮಾದರಿಯ ಬೆಲೆ. ಕೊಡಗಿಗೆ ಆಗಿಬರುವ ದೊಡ್ಡ ಬ್ಯಾಟರಿಯ ಮಾದರಿಗೆ ಎರಡರಿಂದ ಮೂರು ಲಕ್ಷ ಮೇಲೆ ಹಾಕಿಕೊಂಡೇ ಮಾತಾಡಬೇಕು.

2025ರ ಸೆಪ್ಟೆಂಬರ್ 22ರ ನಂತರ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಚಿಕ್ಕ ಪೆಟ್ರೋಲ್ ಕಾರುಗಳ ಮೇಲೆ ಸೆಸ್ ಸೇರಿ ಶೇ. 29 ಇದ್ದ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಕಾರಿನದು 2019ರಿಂದಲೇ ಶೇ. 5, ಅಲ್ಲಿ ಇಳಿಸಲು ಏನೂ ಇರಲಿಲ್ಲ. ಅಂದರೆ ಪೆಟ್ರೋಲ್ ಕಾರು ಅಗ್ಗವಾಯಿತು, ಇದು ಇದ್ದಲ್ಲೇ ಉಳಿಯಿತು. ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಗೆ ಸಿಗುತ್ತಿದ್ದ ಒಂದೂವರೆ ಲಕ್ಷದವರೆಗಿನ ಆದಾಯ ತೆರಿಗೆ ವಿನಾಯಿತಿ 2023ರ ಮಾರ್ಚ್ ನಂತರದ ಸಾಲಗಳಿಗೆ ಇಲ್ಲ. ಈಗಲೂ ಅದನ್ನು ಹೇಳಿ ಮಾರುವ ಹುಡುಗರಿದ್ದಾರೆ, ನಂಬಬೇಡಿ. ಕರ್ನಾಟಕ 2016ರಿಂದ ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ ಬಿಟ್ಟಿತ್ತು. 2024ರಲ್ಲಿ 25 ಲಕ್ಷ ದಾಟಿದ ಕಾರುಗಳಿಗೆ ಶೇ. 10 ಹಾಕಿತು. ಇಂಥ ರಿಯಾಯಿತಿ ಸರ್ಕಾರ ಕೊಟ್ಟಷ್ಟು ದಿನ. ಬುಕ್ ಮಾಡುವ ದಿನ ಆನ್‌ರೋಡ್ ಕೊಟೇಶನ್ನಿನ ಆ ಸಾಲನ್ನು ಬೆರಳಿಟ್ಟು ಓದಿ. ಏಳು ಲಕ್ಷದ ಪೆಟ್ರೋಲ್ ಕಾರಿಗೆ ಆ ಸಾಲಿನಲ್ಲಿ ಸೆಸ್ ಸೇರಿ ಒಂದು ಲಕ್ಷದ ಆಸುಪಾಸು ಇರುತ್ತದೆ. ರಿಯಾಯಿತಿ ಇರುವಷ್ಟು ದಿನ ಎರಡು ಕಾರುಗಳ ನಡುವಿನ ಅಂತರ ಕರಗುವುದು ಮುಖ್ಯವಾಗಿ ಈ ಒಂದು ಲಕ್ಷದಿಂದ.

ಈಗ ಓಡಿಸುವ ಖರ್ಚು. ಏರುತಗ್ಗಿನ ನಮ್ಮ ರಸ್ತೆಗಳಲ್ಲಿ ಚಿಕ್ಕ ಪೆಟ್ರೋಲ್ ಕಾರು ಲೀಟರಿಗೆ 14, 15 ಕೊಟ್ಟರೆ ಪುಣ್ಯ. ಲೀಟರಿಗೆ 103 ರೂಪಾಯಿ ಹಿಡಿದರೆ ಕಿ.ಮೀ.ಗೆ ಏಳು ರೂಪಾಯಿ. ಎಲೆಕ್ಟ್ರಿಕ್ ಕಾರು ಬ್ಯಾಟರಿಯ ಒಂದು ಯೂನಿಟ್ಟಿಗೆ 7 ಕಿ.ಮೀ. ಓಡುತ್ತದೆ. ಆದರೆ ಮೀಟರಿನಲ್ಲಿ ಓಡುವ ಯೂನಿಟ್ ಅಷ್ಟೂ ಬ್ಯಾಟರಿಗೆ ಹೋಗುವುದಿಲ್ಲ, ಚಾರ್ಜರಿನ ಬಿಸಿಯಲ್ಲಿ ಶೇ. 10ರಿಂದ 15 ಸೋರುತ್ತದೆ. ಹಾಗಾಗಿ ಮೀಟರಿನ ಯೂನಿಟ್ಟಿಗೆ ಆರು ಕಿ.ಮೀ. ಚಿಲ್ಲರೆ ಎಂದು ಹಿಡಿಯಬೇಕು. ಮನೆಯ ದರ ತೆರಿಗೆ ಸೇರಿ ಆರೂವರೆ ರೂಪಾಯಿ ಎಂದರೂ ಕಿ.ಮೀ.ಗೆ ಒಂದು ರೂಪಾಯಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಜಿಎಸ್‌ಟಿ ಸೇರಿ ಯೂನಿಟ್ಟಿಗೆ ಇಪ್ಪತ್ತರ ಮೇಲೆ ಬೀಳುವುದರಿಂದ ಅಲ್ಲಿ ಕಿ.ಮೀ.ಗೆ ಮೂರೂವರೆ, ನಾಲ್ಕು. ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಉಳಿಯುವುದು ಆರು ರೂಪಾಯಿ. ಆನ್‌ರೋಡ್ ಅಂತರ ಎರಡೂವರೆ ಲಕ್ಷ ಎಂದಿಟ್ಟುಕೊಂಡರೆ ಸುಮಾರು 42,000 ಕಿ.ಮೀ. ಓಡಿದ ಮೇಲೆ ಸರಿದೂಗುತ್ತದೆ. ತಿಂಗಳಿಗೆ 1,500 ಕಿ.ಮೀ. ಓಡುವ, ದಿನಾ ವಿರಾಜಪೇಟೆಯಿಂದ ಮಡಿಕೇರಿಗೆ ಹೋಗಿಬರುವ ಶಿಕ್ಷಕರಿಗೋ ಬ್ಯಾಂಕಿನವರಿಗೋ ಎರಡು ವರ್ಷ ನಾಲ್ಕು ತಿಂಗಳು ಸಾಕು. ಶುಕ್ರವಾರದ ಸಂತೆಗೂ ಮದುವೆಗೂ ಮಾತ್ರ ಕಾರು ತೆಗೆಯುವ, ತಿಂಗಳಿಗೆ 400 ಕಿ.ಮೀ.ಯ ಮನೆಗೆ ಎಂಟೂಮುಕ್ಕಾಲು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯ ಎಂಟು ವರ್ಷದ ವಾರಂಟಿಯೂ ಮುಗಿದಿರುತ್ತದೆ. ಕಡಿಮೆ ಓಡುವವರಿಗೆ ಇದು ಉಳಿತಾಯದ ಗಾಡಿ ಅಲ್ಲ, ಎಷ್ಟೇ ಜಾಹೀರಾತು ಬರಲಿ.

ಬ್ಯಾಟರಿಗೆ ಬಾಡಿಗೆ ಕಟ್ಟುವ ಪದ್ಧತಿ 2024ರಲ್ಲಿ ಬಂತು. ಕಾಮೆಟ್ ಆಗ 4.99 ಲಕ್ಷಕ್ಕೆ, ಮೇಲೆ ಕಿ.ಮೀ.ಗೆ ಎರಡೂವರೆ ರೂಪಾಯಿ, ಎಂಜಿಯದೇ ವಿಂಡ್ಸರ್ 9.99 ಲಕ್ಷ, ಮೇಲೆ ಮೂರೂವರೆ. ಕಾಮೆಟ್ಟಿನ ಲೆಕ್ಕವನ್ನೇ ನೋಡಿ. ಬೆಲೆಯಲ್ಲಿ ಇಳಿದದ್ದು 2 ಲಕ್ಷ. ಎರಡೂವರೆಯಂತೆ 80,000 ಕಿ.ಮೀ. ಓಡಿದರೆ ಅದೇ 2 ಲಕ್ಷ ವಾಪಸು ಕಟ್ಟಿರುತ್ತೀರಿ, ಆಮೇಲೆಯೂ ಕಟ್ಟುತ್ತಿರುತ್ತೀರಿ. ಹೆಸರು ಬಾಡಿಗೆ, ಒಳಗಿರುವುದು ಸಾಲ. ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಷರತ್ತು ಕರಾರಿನ ಸಣ್ಣಕ್ಷರದಲ್ಲಿ ಇದೆಯೇ ಎಂದು ನೋಡದೆ ಸಹಿ ಹಾಕಬಾರದು. ತಿಂಗಳ ಸಂಬಳದವರಿಗೆ ಇದು ಹೊಂದೀತು. ತೋಟದವರಿಗೆ ಹಣ ಬರುವುದು ಕಾಫಿ ಮಾರಿದಾಗ, ವರ್ಷಕ್ಕೊಮ್ಮೆ. ಮಾರ್ಚಿನಲ್ಲಿ ಕೈತುಂಬ ಇದ್ದು ಅಕ್ಟೋಬರಿನಲ್ಲಿ ಕೂಲಿಗೆ ಹೊಂದಿಸುವ ಮನೆಗೆ ತಿಂಗಳ ಕಂತು ಎಂಬುದೇ ಒಗ್ಗದ ಮಾತು. ರೊಬಸ್ಟಾ ಬೆಲೆ ಏರಿದ ವರ್ಷ ಒಂದೇ ಸಲ ಕೊಟ್ಟು ಮುಗಿಸುವುದೇ ಅವರಿಗೆ ನಿಶ್ಚಿಂತೆ.

ಗೋಡೆಯೊಳಗಿನ ಬೆಲೆ

ಸಿದ್ದಾಪುರದ ಕಡೆಯ ಒಂದು ಹೆಂಚಿನ ಮನೆ. ಹೊಸ ಕಾರು ಬಂದ ಸಂಜೆ ಕಂಪೆನಿ ಕೊಟ್ಟ ಪೋರ್ಟಬಲ್ ಚಾರ್ಜರನ್ನು ಶೆಡ್ಡಿನ 16 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಪೆಟ್ಟಿಗೆಯಲ್ಲಿ ಹಸಿರಿನ ಬದಲು ಕೆಂಪು ದೀಪ. ಅದೇ ಸಾಕೆಟ್ಟಿನಲ್ಲಿ ಗ್ರೈಂಡರ್ ಓಡುತ್ತದೆ, ಇಸ್ತ್ರಿಪೆಟ್ಟಿಗೆ ಕಾಯುತ್ತದೆ. ಕಾರೇ ಸರಿ ಇಲ್ಲ ಎಂದು ಶೋರೂಮಿಗೆ ಫೋನು. ಮರುದಿನ ಬಂದ ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನ ಎರಡು ಕಡ್ಡಿ ಚುಚ್ಚಿದ. ಫೇಸಿಗೂ ನ್ಯೂಟ್ರಲ್ಲಿಗೂ 218 ವೋಲ್ಟ್, ಸರಿ ಇದೆ. ನ್ಯೂಟ್ರಲ್ಲಿಗೂ ಅರ್ಥಿಗೂ ಸೊನ್ನೆಯ ಹತ್ತಿರ ಇರಬೇಕಾದ್ದು 46. "ಅರ್ಥ್ ಹೆಸರಿಗೆ ಮಾತ್ರ ಉಂಟು ಅಣ್ಣ" ಎಂದು ಆತ ಹಸಿರು ವೈರಿನ ಬೆನ್ನು ಹತ್ತಿದ. ಅದು ಗೋಡೆ ಬಳಸಿ ಬಚ್ಚಲಮನೆಯ ಹಿಂದೆ ಹೋಗಿ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿಕೊಂಡಿತ್ತು. ಒಂದು ಕಾಲದಲ್ಲಿ ಆ ಪೈಪು ನೆಲದೊಳಗೆ ಬಾವಿಯವರೆಗೂ ಹೋಗುತ್ತಿದ್ದಾಗ ಅದೇ ಒಳ್ಳೆಯ ಅರ್ಥಿಂಗ್. ಅಂಗಳ ದಾಟಿದ ಮೇಲಿನ ಪೈಪನ್ನು ಪಿವಿಸಿಗೆ ಬದಲಿಸಿ ವರ್ಷಗಳಾಗಿದ್ದವು. ಅಂದಿನಿಂದ ಇಡೀ ಮನೆಗೆ ಅರ್ಥ್ ಇರಲಿಲ್ಲ, ಗೀಸರಿಗೂ. ಯಾರಿಗೂ ಗೊತ್ತಿರಲಿಲ್ಲ. "ಇದನ್ನು ಮೊದಲು ನೋಡಿದ್ದು ಕಾರೇ" ಎಂದು ಆತ ನಕ್ಕ.

ಕೊಡಗಿನ ಹಳೆ ಮನೆಗಳಲ್ಲಿ ಇದು ಅಪರೂಪವೇನಲ್ಲ. ಚಾರ್ಜರ್ ಶುರುವಾಗುವ ಮೊದಲು ಅರ್ಥ್ ಇದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ, ಮಾಡಲೂಬಾರದು. ಅರ್ಥ್ ಪಿನ್ನಿಗೆ ನ್ಯೂಟ್ರಲ್ಲನ್ನೇ ಸೇರಿಸಿ ಚಾರ್ಜರನ್ನು ಏಮಾರಿಸುವ ಚಾಲಾಕಿ ಕೆಲವರಿಗೆ ಗೊತ್ತು. ಕಂಬದ ನ್ಯೂಟ್ರಲ್ ಕಿತ್ತುಬಂದ ದಿನ ಕಾರಿನ ಇಡೀ ಮೈಗೆ ಕರೆಂಟ್ ಬರುತ್ತದೆ. ಮಳೆಯಲ್ಲಿ ಬರಿಗಾಲಲ್ಲಿ ಬಾಗಿಲು ಹಿಡಿದವರ ಗತಿ ಹೇಳಬೇಕಾಗಿಲ್ಲ.

ಸರಿಯಾಗಿ ಮಾಡುವ ಕೆಲಸ ಇಷ್ಟು. ಶೆಡ್ಡಿನ ಹತ್ತಿರ, ವರ್ಷವಿಡೀ ತೇವ ನಿಲ್ಲುವ ಜಾಗದಲ್ಲಿ, ಬಚ್ಚಲ ನೀರು ಹೋಗುವ ಕಡೆಯಾದರೆ ಇನ್ನೂ ಒಳ್ಳೆಯದು, ಎರಡೂವರೆ ಮೀಟರಿನ ಜಿಐ ಪೈಪನ್ನು ನೆಟ್ಟಗೆ ಹೂಳಿ ಸುತ್ತ ಇದ್ದಿಲು, ಉಪ್ಪು ಅಥವಾ ಅಂಗಡಿಯ ಅರ್ಥಿಂಗ್ ಪುಡಿ ತುಂಬಬೇಕು. ನಮ್ಮಲ್ಲಿ ಜೂನಿನಿಂದ ಡಿಸೆಂಬರಿನವರೆಗೆ ಅರ್ಥಿಂಗ್ ತಾನಾಗಿ ಚೆನ್ನಾಗಿರುತ್ತದೆ. ಪರೀಕ್ಷೆ ಮಾಡಬೇಕಾದ್ದು ಮಾರ್ಚ್, ಏಪ್ರಿಲಿನಲ್ಲಿ, ಕೆಂಪುಮಣ್ಣು ಒಣಗಿ ಬಿರುಕುಬಿಟ್ಟಾಗ. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಲೇಬೇಕು. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಬೇರೆಯದೇ ಲೈನು ಎಳೆಯಬೇಕು: 4 ಚದರ ಮಿ.ಮೀ. ತಾಮ್ರದ ವೈರು, ಲೋಡು ಮೀರಿದರೆ ಲೈನು ಕತ್ತರಿಸುವ 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಕತ್ತರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎರಡೂವರೆ ಚದರ ಮಿ.ಮೀ. ಸಾಕು ಎನ್ನುವವರಿದ್ದಾರೆ. ಗ್ರೈಂಡರಿಗೆ ಸಾಕು, ಇದು ಎಂಟು ಗಂಟೆ ಬಿಡದೆ 14 ಆಂಪಿಯರ್ ಎಳೆಯುತ್ತದೆ. ಮೊದಲು ಸುಡುವುದು ಸಾಕೆಟ್. ನೂರೈವತ್ತು ರೂಪಾಯಿಯ ಸಾಕೆಟ್ಟಿನ ಒಳಗಿನ ಪತ್ತಿ ಬಿಸಿಗೆ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಬಿಸಿ. ಚಾರ್ಜಿಗೆ ಹಾಕಿದ ಒಂದು ಗಂಟೆ ಬಿಟ್ಟು ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಿದ್ದರೆ ಅವತ್ತೇ ಬದಲಿಸಿ, ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಗುಂಡಿ, ವೈರು, ಕೂಲಿ ಸೇರಿ 15ರಿಂದ 25 ಸಾವಿರ ಆಗುತ್ತದೆ. ಕಾರಿನ ಬೆಲೆ ಹೇಳುವಾಗ ಯಾರೂ ಇದನ್ನು ಹೇಳುವುದಿಲ್ಲ.

ಹೋಂಸ್ಟೇ ನಡೆಸುವವರಿಗೆ ಇಲ್ಲೇ ಒಂದು ಮಾತು. ಬೆಂಗಳೂರಿನಿಂದ ಬಂದ ಅತಿಥಿ ರಾತ್ರಿ ಹತ್ತಕ್ಕೆ ಗೀಸರಿನ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ಕಾರಿಗೆ ಸಿಕ್ಕಿಸಿ ಮಲಗುತ್ತಾರೆ. ಹತ್ತು ಮೀಟರ್ ವೈರಿನಲ್ಲಿ ಮೂರು ಮೀಟರ್ ಬಿಚ್ಚಿ ಉಳಿದದ್ದನ್ನು ಸುರುಳಿಯಲ್ಲೇ ಬಿಟ್ಟಿರುತ್ತಾರೆ. ಸುರುಳಿಯೊಳಗಿನ ಬಿಸಿ ಹೊರಹೋಗಲು ದಾರಿಯಿಲ್ಲದೆ ಬೆಳಗಾಗುವಷ್ಟರಲ್ಲಿ ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಅಂಗಳದಲ್ಲಿ ಒಂದು ಸರಿಯಾದ ಪಾಯಿಂಟು, ಅದಕ್ಕೊಂದು ಸಬ್‌ಮೀಟರು ಹಾಕಿಸಿ ಯೂನಿಟ್ಟಿನ ಲೆಕ್ಕದಲ್ಲಿ ಹಣ ತೆಗೆದುಕೊಳ್ಳಿ. "ಚಾರ್ಜಿಂಗ್ ಉಂಟಾ?" ಎಂದು ಕೇಳಿಯೇ ರೂಮು ಬುಕ್ ಮಾಡುವವರು ಈಗ ಇದ್ದಾರೆ.

ಇನ್ನು ಬಿಲ್ಲು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಕಾರೊಂದೇ 160 ಯೂನಿಟ್ ಎಳೆಯುತ್ತದೆ. ಮನೆಯ 70 ಸೇರಿದರೆ ಗಡಿ ದಾಟಿತು. ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ಲು ಒಂದೂವರೆ ಸಾವಿರ ದಾಟುತ್ತದೆ. ಪೆಟ್ರೋಲಿನ ಏಳು ಸಾವಿರದ ಮುಂದೆ ಇದು ಏನೂ ಅಲ್ಲ. ಆದರೂ ಲೆಕ್ಕ ಗೊತ್ತಿದ್ದವರು ನಮಗೆ ಕರೆಂಟ್ ಕೊಡುವ ಸೆಸ್ಕ್ ಕಚೇರಿಯಲ್ಲಿ ಇವಿ ಚಾರ್ಜಿಂಗಿಗೆ ಬೇರೆ ಸಂಪರ್ಕದ ವಿಚಾರ ಕೇಳಿಬರುತ್ತಾರೆ. ಅದರ ದರಪಟ್ಟಿಯೇ ಬೇರೆ, ಇತ್ತೀಚಿನ ವರ್ಷಗಳಲ್ಲಿ ಯೂನಿಟ್ಟಿಗೆ ನಾಲ್ಕೂವರೆ ರೂಪಾಯಿಯ ಆಸುಪಾಸು. ಹಳೆ ಮನೆಗಳ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟ್ ಇರುತ್ತದೆ; ಕಾರೇ ಮೂರು ಎಳೆಯುವುದರಿಂದ ಅದನ್ನು ಮೊದಲೇ ಹೆಚ್ಚಿಸಿಕೊಳ್ಳಬೇಕು. ತೋಟದ ಪಂಪ್‌ಸೆಟ್ಟಿನ ಲೈನಿನಿಂದ ಕಾರು ಚಾರ್ಜ್ ಮಾಡುವ ಆಸೆ ಹಲವರಿಗೆ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅದು ಅನಧಿಕೃತ ಬಳಕೆ, ದರ ದುಪ್ಪಟ್ಟು ಹಾಕುತ್ತಾರೆ. ಜೊತೆಗೆ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ಮಾರ್ಚಿನಲ್ಲಿ ಊರಿನ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ 180ರ ಕೆಳಗೆ ಬೀಳುತ್ತದೆ. ಆಗ ಚಾರ್ಜರ್ ನಿಂತು ನಿಂತು ಓಡುತ್ತದೆ, ಇಲ್ಲವೇ ನಿಂತೇಬಿಡುತ್ತದೆ. ಅಂಥ ಕಡೆ 5 ಕೆವಿಎ ಸ್ಟೆಬಿಲೈಸರ್ ಬೇಕು, ಅಥವಾ ರಾತ್ರಿ ಹನ್ನೊಂದರ ಮೇಲೆ ಚಾರ್ಜಿಗೆ ಹಾಕುವ ಅಭ್ಯಾಸ.

ಮಳೆಗಾಲ

ಜೂನಿನಿಂದ ಆಗಸ್ಟಿನವರೆಗೆ ಒಳಗಿನ ಊರುಗಳಲ್ಲಿ ಮೂರು ನಾಲ್ಕು ದಿನ ಕರೆಂಟ್ ಇಲ್ಲದಿರುವುದು ಸುದ್ದಿಯೇ ಅಲ್ಲ. ಮನೆಯ ಇನ್ವರ್ಟರಿನಿಂದ ಕಾರಿಗೆ ಏನೂ ಆಗದು, ಅದು ಫ್ಯಾನು, ದೀಪಕ್ಕೆ. ಜನರೇಟರ್ ಇರುವ ತೋಟದವರು "ನಮಗೇನು" ಎಂದುಕೊಳ್ಳುತ್ತಾರೆ. ಪ್ಲಗ್ ಹಾಕಿದರೆ ಮತ್ತೆ ಅದೇ ಕೆಂಪು ದೀಪ. ಕಾರಣ, ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಭೂಮಿಗೆ ಸೇರಿರುವುದಿಲ್ಲ, ತೇಲುತ್ತಿರುತ್ತದೆ. ಚಾರ್ಜರಿಗೆ ಅದು ಅರ್ಥ್ ಇಲ್ಲದ ಹಾಗೆಯೇ. ಜನರೇಟರಿನ ಬುಡದಲ್ಲೇ ನ್ಯೂಟ್ರಲ್ಲನ್ನು ಅರ್ಥ್ ಗುಂಡಿಗೆ ಕಟ್ಟಿಸಬೇಕು, ಮನೆಯ ಲೈನಿಗೆ ಬದಲಾಯಿಸುವ ಚೇಂಜ್‌ಓವರ್ ಸ್ವಿಚ್ಚು ನ್ಯೂಟ್ರಲ್ಲನ್ನೂ ಕತ್ತರಿಸುವಂಥದ್ದಾಗಿರಬೇಕು. ಇದು ತಿಳಿದವರು ಮಾಡಬೇಕಾದ ಕೆಲಸ. ಖರ್ಚು? 5 ಕೆವಿಎ ಡೀಸೆಲ್ ಜನರೇಟರ್ 24 ಯೂನಿಟ್ ಬ್ಯಾಟರಿ ತುಂಬಿಸಲು ಹತ್ತು ಲೀಟರಿನ ಮೇಲೆ ಕುಡಿಯುತ್ತದೆ. ಅಂದರೆ ಕಿ.ಮೀ.ಗೆ ಆರು ರೂಪಾಯಿ, ಪೆಟ್ರೋಲ್ ಕಾರಿಗೆ ಹೆಚ್ಚುಕಡಿಮೆ ಸಮ. ವರ್ಷಕ್ಕೆ ನಾಲ್ಕೈದು ಸಲ ಆದರೆ ತೊಂದರೆಯಿಲ್ಲ. ಮೋಡ ಕವಿದದ್ದು ಕಂಡರೆ ಅವತ್ತೇ ಚಾರ್ಜ್ ತುಂಬಿಸಿಕೊಳ್ಳುವುದು ಇದಕ್ಕಿಂತ ಜಾಣತನ. ತುಂಬಿದ ಬ್ಯಾಟರಿ ಪೇಟೆಗೆ ಹೋಗಿಬರುವ ಮಟ್ಟಿಗೆ ಒಂದು ವಾರ ಸಾಗಿಸುತ್ತದೆ.

ಮಳೆಯಲ್ಲಿ ಈ ಕಾರಿಗೆ ಒಂದೆರಡು ಅನುಕೂಲಗಳೂ ಇವೆ. ನಿಲ್ಲಿಸಿದ ಕಾರಿನ ಸೀಟಿಗೆ ಬೂಷ್ಟು ಹಿಡಿಯುವುದು ನಮ್ಮೂರಿನ ಖಾಯಿಲೆ. ಇಲ್ಲಿ ಶೆಡ್ಡಿನಲ್ಲೇ ಹೊಗೆಯಿಲ್ಲದೆ ಅರ್ಧ ಗಂಟೆ ಎಸಿ ಓಡಿಸಿ ಒಣಗಿಸಬಹುದು. ನಮ್ಮ ಹವೆಯೂ ಬ್ಯಾಟರಿಗೆ ಹೇಳಿ ಮಾಡಿಸಿದ್ದು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿ ಬೇಗ ಮುದಿಯಾಗುತ್ತದೆ, ಎಸಿಗೂ ಚಾರ್ಜ್ ಹೋಗುತ್ತದೆ; ಮಡಿಕೇರಿಯಲ್ಲಿ ಎರಡೂ ಇಲ್ಲ. ಆದರೆ ಮಳೆಗಾಲವೆಲ್ಲ ಕಾರು ತೆಗೆಯದೆ ಬಿಟ್ಟರೆ ಒಂದು ದಿನ ರಿಮೋಟಿಗೆ ಬಾಗಿಲೇ ತೆರೆಯುವುದಿಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿಯನ್ನು ಎಬ್ಬಿಸುವುದು ಮಾಮೂಲಿ 12 ವೋಲ್ಟ್ ಬ್ಯಾಟರಿ, ಸತ್ತಿರುವುದು ಅದು. ಬೇರೆ ಗಾಡಿಯಿಂದ ಜಂಪರ್ ಕೇಬಲ್ ಕೊಟ್ಟರೆ ಏಳುತ್ತದೆ. ಬಾನೆಟ್ಟಿನಲ್ಲಿ ಇಲಿ ಸಂಸಾರ ಹೂಡದಂತೆ ನೋಡಿಕೊಳ್ಳಿ. ಪೆಟ್ರೋಲ್ ಕಾರಿನಲ್ಲಿ ಇಲಿ ಕಡಿದ ವೈರನ್ನು ಮೆಕ್ಯಾನಿಕ್ ಟೇಪ್ ಸುತ್ತಿ ಕಳಿಸುತ್ತಾನೆ. ಇಲ್ಲಿ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಕಡಿದರೆ ಇಡೀ ಹಾರ್ನೆಸ್, ಅಂದರೆ ವೈರುಗಳ ಕಟ್ಟನ್ನೇ, ಬದಲಿಸಬೇಕಾಗುತ್ತದೆ.

ತೋಟದ ದಾರಿ, ರಾತ್ರಿಯ ದಾರಿ

ಟಿಯಾಗೊ ಇವಿಯ ನೆಲದಂತರ 166 ಮಿ.ಮೀ., ಪಂಚ್ ಇವಿಯದು 190. ಈ 24 ಮಿ.ಮೀ. ಪೇಟೆಯಲ್ಲಿ ಯಾರಿಗೂ ಬೇಡ. ನಡುವೆ ದಿಬ್ಬ ಎದ್ದ, ಜೀಪಿನ ಚಕ್ರ ಕೊರೆದ ತೋಟದ ದಾರಿಯಲ್ಲಿ ಬ್ಯಾಟರಿ ಪೆಟ್ಟಿಗೆಗೆ ಕಲ್ಲು ತಾಗುವುದೂ ತಾಗದಿರುವುದೂ ಅಷ್ಟರಲ್ಲೇ ಇದೆ. ಬ್ಯಾಟರಿ ಪೆಟ್ಟಿಗೆಗೆ ಕೊಡುವ ಐಪಿ67 ರೇಟಿಂಗ್ ಎಂದರೆ ನೀರು ನುಗ್ಗದು ಎಂದಷ್ಟೇ, ಕಲ್ಲಿನ ಏಟು ತಡೆಯುತ್ತದೆ ಎಂದಲ್ಲ. ಏಟು ಬಿದ್ದ ಪೆಟ್ಟಿಗೆಯನ್ನು ರಿಪೇರಿ ಮಾಡುವ ಬದಲು ಪೂರ್ತಿ ಬದಲಿಸಿ ಎನ್ನುವ ಸಂಭವವೇ ಹೆಚ್ಚು, ಹಾಗಾಗಿ ವಿಮೆಯಲ್ಲಿ ಸವಕಳಿ ಕಳೆಯದ ಝೀರೋ ಡೆಪ್ ಜೊತೆಗೆ ಬ್ಯಾಟರಿಯ ಪ್ರತ್ಯೇಕ ಆಡ್‌ಆನ್ ಬಿಡಬೇಡಿ. 12 ಇಂಚಿನ ಚಕ್ರದ ಕಾಮೆಟ್ಟನ್ನು ಗೇಟಿನಿಂದ ಒಳಗೆ ಅರ್ಧ ಮೈಲಿ ಮಣ್ಣುದಾರಿ ಇರುವವರು ಯೋಚಿಸುವುದೇ ಬೇಡ. ಮಡಿಕೇರಿ ಪೇಟೆಯೊಳಗೆ ಮನೆ ಇರುವವರಿಗೆ ಅದಕ್ಕಿಂತ ಸಲೀಸಾಗಿ ಪಾರ್ಕ್ ಆಗುವ ಕಾರು ಇನ್ನೊಂದಿಲ್ಲ. ಕೆಸರಿನ ಏರಿನಲ್ಲಿ ಮುಂದಿನ ಚಕ್ರ ಸುತ್ತಿ ನಿಲ್ಲುವುದು ಹೆಚ್ಚಾಗಿ ಕಾಲಿನ ದೋಷ. ಎಳೆತ ತಟ್ಟನೆ ಬರುವುದರಿಂದ ಪೆಡಲನ್ನು ಹೂವಿನ ಹಾಗೆ ಮುಟ್ಟಬೇಕು, ಇಕೋ ಮೋಡಿನಲ್ಲಿ ಹತ್ತಬೇಕು. ಇನ್ನೂ ಒಂದು: ಈ ಕಾರಿಗೆ ಸದ್ದಿಲ್ಲ. ತೋಟದ ತಿರುವಿನಲ್ಲಿ ಕೆಲಸದವರು ದಾರಿ ಬಿಡುವುದಿಲ್ಲ, ಅವರಿಗೆ ಕೇಳಿಸಿರುವುದಿಲ್ಲ. ಆನೆಗೂ ಕೇಳಿಸಿರುವುದಿಲ್ಲ. ಸಿದ್ದಾಪುರ, ಪಾಲಿಬೆಟ್ಟದ ಕಡೆ ಮುಸ್ಸಂಜೆಯಲ್ಲಿ ಹೋಗುವವರು ನಿಧಾನಕ್ಕೆ ಹೋಗಿ.

ಈ ಎಲ್ಲದರ ನಡುವೆ ಮನೆಯ ಹಿರಿಯರನ್ನು ಕಾಡುವುದು ಒಂದೇ ಚಿಂತೆ, ರಾತ್ರಿ ಆಸ್ಪತ್ರೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದರೂ ದೊಡ್ಡ ಕಾಯಿಲೆಗೆ ಮೈಸೂರೋ ಮಂಗಳೂರೋ ಆಗಬೇಕು, ಜಿಲ್ಲೆಗೆ ರೈಲೂ ಇಲ್ಲ. ಮೈಸೂರು 120 ಕಿ.ಮೀ. ಇಳಿಜಾರಿನ ಕಡೆಯಾದ್ದರಿಂದ 15, 16 ಯೂನಿಟ್ಟಿನಲ್ಲಿ ತಲುಪಬಹುದು. 24 ಯೂನಿಟ್ ಬ್ಯಾಟರಿಯಲ್ಲಿ ಅದು ಮೂರರಲ್ಲಿ ಎರಡು ಪಾಲು. ಅಂದರೆ ಇದೊಂದೇ ಕಾರು ಇರುವ ಮನೆಯಲ್ಲಿ ರಾತ್ರಿ ಮಲಗುವಾಗ ಎಂದಿಗೂ ಶೇ. 75ಕ್ಕಿಂತ ಕಡಿಮೆ ಇರಬಾರದು. ಕಾಮೆಟ್ಟಿನ 17.3 ಯೂನಿಟ್ಟಿನಲ್ಲಿ, ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜಿಂಗೂ ಇಲ್ಲದೆ, ಆ ಪ್ರಯಾಣಕ್ಕೆ ಹೊರಡುವಂತಿಲ್ಲ. ಟಿಯಾಗೊವನ್ನು ಫಾಸ್ಟ್ ಚಾರ್ಜರಿನಲ್ಲಿ 10ರಿಂದ 80ಕ್ಕೆ ಏರಿಸಲು ಒಂದು ಗಂಟೆ ಬೇಕು, ಅದೂ ಹೆದ್ದಾರಿಯ ಆ ಚಾರ್ಜರ್ ಅವತ್ತು ಕೆಲಸ ಮಾಡುತ್ತಿದ್ದರೆ. ಶನಿವಾರ, ಭಾನುವಾರವಾದರೆ ಮುಂದೆ ಪ್ರವಾಸಿಗರ ಸಾಲು ಬೇರೆ.

ಹಾಗಾಗಿ ಅಂಗಳದಲ್ಲಿ ಜೀಪೋ ಹಳೆ ಪೆಟ್ರೋಲ್ ಕಾರೋ ಆಗಲೇ ಇರುವ, ತಿಂಗಳಿಗೆ ಸಾವಿರ ಕಿ.ಮೀ. ಮೇಲೆ ಓಡುವ, ಸ್ವಂತ ಶೆಡ್ಡಿರುವ ಮನೆಗೆ ಅಗ್ಗದ ಎಲೆಕ್ಟ್ರಿಕ್ ಕಾರು ಎರಡನೇ ಗಾಡಿಯಾಗಿ ಕಣ್ಣುಮುಚ್ಚಿ ತೆಗೆದುಕೊಳ್ಳುವಂಥದ್ದು. ಬೆಂಗಳೂರಿನ ಫ್ಲ್ಯಾಟಿನವರಿಗೆ ಪಾರ್ಕಿಂಗಿನಲ್ಲಿ ಒಂದು ಪಾಯಿಂಟ್ ಹಾಕಿಸಲು ಅಸೋಸಿಯೇಷನ್ನಿನ ಜೊತೆ ಆರು ತಿಂಗಳ ಜಗಳ. ನಮಗೆ ಆ ಗೋಳಿಲ್ಲ. ಪಟ್ಟಣದವರಿಗೆಂದು ಮಾಡಿದ ಕಾರು ತೋಟದ ಮನೆಗೇ ಹೆಚ್ಚು ಹೊಂದುತ್ತದೆ, ಒಂದೇ ಗಾಡಿ ಎಂಬ ಹಟ ಬಿಟ್ಟರೆ.

ಎರಡನೇ ಗಾಡಿ ಎಂದ ಮೇಲೆ ಹೊಸದೇ ಆಗಬೇಕೆಂದಿಲ್ಲ. ಎಲೆಕ್ಟ್ರಿಕ್ ಕಾರಿಗೆ ಮರುಮಾರಾಟದ ಬೆಲೆ ಕಡಿಮೆ. ಮಾರುವವರ ನಷ್ಟ ಕೊಳ್ಳುವವರ ಲಾಭ. ಟಿಯಾಗೊವಿನ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇರುವುದರಿಂದ ಮೂರು ವರ್ಷ ಹಳೆಯದಕ್ಕೆ ಇನ್ನೂ ಐದು ವರ್ಷ ಉಳಿದಿರುತ್ತದೆ. ಹೆಸರು ಬದಲಾದಾಗ ವಾರಂಟಿ ಜೊತೆಗೆ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಹೆಲ್ತ್ ರಿಪೋರ್ಟ್ ತೆಗೆಸಿ. ಕಾರನ್ನು ರ್‍ಯಾಂಪಿನ ಮೇಲೆ ಹತ್ತಿಸಿ ಬ್ಯಾಟರಿ ಪೆಟ್ಟಿಗೆಯ ತಳದಲ್ಲಿ ಗೀರು, ತಗ್ಗು ನೋಡಿ. ಆಮೇಲೆ ಪೂರ್ತಿ ಚಾರ್ಜ್ ಮಾಡಿಸಿ ಶೇ. 20ಕ್ಕೆ ಬರುವವರೆಗೆ ಓಡಿಸಿ. ಈ ಕಾರುಗಳಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯನ್ನು ತಿಂಗಳುಗಟ್ಟಲೆ ಅರೆಬರೆ ಚಾರ್ಜ್ ಮಾಡುತ್ತಾ ಬಂದಿದ್ದರೆ ಶೇಕಡಾವಾರು ಲೆಕ್ಕ ತಪ್ಪಿರುತ್ತದೆ, 18 ತೋರಿಸುತ್ತಿದ್ದದ್ದು ಒಂದೇ ಏರಿಗೆ 8ಕ್ಕೆ ಬೀಳುತ್ತದೆ. ಎರಡು ಮೂರು ಸಲ ನಿಧಾನದ ಚಾರ್ಜರಿನಲ್ಲಿ ನೂರರವರೆಗೆ ತುಂಬಿಸಿದ ಮೇಲೂ ಹಾಗೇ ಬೀಳುತ್ತಿದ್ದರೆ ಒಳಗೆ ಸೆಲ್ ಹೋಗಿದೆ, ಆ ಕಾರು ಬೇಡ.